ಬ್ಲಫ್ಫಿನಲ್ಲೊಂದು ಉಪ್ಪುಸಾರು

ಈ ವಾರ ಕಾವೇರಿಯ ಮೀನನ್ನು ಕುರಿತು ಬರೆಯುವೆನೆಂದು ಕಳೆದ ವಾರ ವಾಗ್ದಾನ ಮಾಡಿದ್ದೆನಾದರೂ, ಗಗನಚುಕ್ಕಿಯನ್ನು ಕಾಣಲು ಮಳವಳ್ಳಿಯ ಹಾದಿಯಾಗಿ ಶಿವನಸಮುದ್ರದ ಬ್ಲಫ್ಫಿಗೆ ಬರುವ ಪ್ರವಾಸಿಗರು ಜಲಪಾತಕ್ಕೆ ಬೆನ್ನು ತಿರುಗಿಸಿದೊಡನೆ ‘ನಾಟಿ ಸ್ಟೈಲ್ ಊಟ ಎಲ್ಲಿ ಸಿಕ್ಕೀತು’ ಎಂದು ವಿಚಾರಿಸುವುದನ್ನು ಕೇಳಿದಾಗಲೆಲ್ಲ ನನ್ನಲ್ಲಿ ಮೇಲೇಳುವ ಹಳೆಯ ಅಸಮಾಧಾನವು ಈ ಬಾರಿ ಮೀನನ್ನು ಹಿಂದಕ್ಕೆ ತಳ್ಳಿ ತಾನೇ ಮುಂದೆ ಬಂದು ನಿಂತಿದೆ. ನಾಟಿಕೋಳಿಯ ಸಾರಿನ ಮೇಲಾಗಲಿ ಬನ್ನೂರು ಕುರಿಯ ಬಾಡಿನ ಮೇಲಾಗಲಿ ನನಗೆ ದ್ವೇಷವಿಲ್ಲ. ಹಬ್ಬದ ಮರುದಿನಕ್ಕೆ, ನೆಂಟರು ಬಂದ ದಿನಕ್ಕೆ, ಊರಮ್ಮನ ಜಾತ್ರೆಗೆ ಅವು ಸಲ್ಲತಕ್ಕವೇ. ಆದರೆ ಅಪರೂಪದ ಊಟವನ್ನು ನಿತ್ಯದ ಊಟವೆಂದು ಫಲಕ ಬರೆಸಿ, ಮಂಡ್ಯದ ಅಡಿಗೆಯೆಂದರೆ ಇಷ್ಟೇ ಎಂದು ಬೆಂಗಳೂರಿನವರನ್ನು ನಂಬಿಸಿರುವ ಪಂಥದೊಡನೆ ನನಗೆ ರಾಜಿಯಿಲ್ಲ.

ಈ ಸೀಮೆಯ ಒಲೆಯ ಮೇಲೆ ವರ್ಷವಿಡೀ ಕುದಿಯುವುದು ಉಪ್ಪುಸಾರು. ಬೆರಕೆಸೊಪ್ಪನ್ನೋ ದಂಟನ್ನೋ ತೊಗರಿಬೇಳೆಯೊಡನೆ, ಇಲ್ಲವೇ ಅಲಸಂದೆ ಕಾಳಿನೊಡನೆ, ಉಪ್ಪನ್ನು ಮಾತ್ರ ಹಾಕಿ ಬೇಯಿಸಿ ಕಟ್ಟನ್ನು ಬಸಿದುಕೊಳ್ಳುವರು. ಉಳಿದ ಸೊಪ್ಪುಕಾಳು ಒಗ್ಗರಣೆ ಕಂಡು ಪಲ್ಯವಾಗುವುದು. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಹುಣಿಸೆಹಣ್ಣು, ಉಪ್ಪು ಇವನ್ನು ಒರಳಿನಲ್ಲಿ ಅರೆದರೆ ಖಾರ. ಬಸ್ಸಾರಿನಲ್ಲಾದರೆ ಅರೆದ ಮಸಾಲೆಯು ಕಟ್ಟಿನೊಡನೆ ಕುದಿದು ಒಂದಾಗುವುದು. ಇಲ್ಲಿ ಖಾರವು ತಟ್ಟೆಯ ಅಂಚಿನಲ್ಲಿ ಬೇರೆಯಾಗಿಯೇ ಕುಳಿತಿರುವುದರಿಂದ, ಉಣ್ಣುವವನು ಅದನ್ನು ತನಗೆ ಬೇಕಾದಷ್ಟೇ ಬೆರಳ ತುದಿಯಿಂದ ಕಟ್ಟಿಗೆ ಕದಡಿಕೊಂಡು, ಬಿಸಿ ಹಿಟ್ಟಿನ, ಎಂದರೆ ರಾಗಿಮುದ್ದೆಯ, ತುತ್ತನ್ನು ಮುರಿದು ಅದ್ದಿ ನುಂಗುವನು. ಒಂದೇ ಪಾತ್ರೆಯ ಸಾರು ಅಜ್ಜನ ತಟ್ಟೆಯಲ್ಲಿ ಒಂದು ರುಚಿ, ಮೊಮ್ಮಗನ ತಟ್ಟೆಯಲ್ಲಿ ಇನ್ನೊಂದು. ಇದಕ್ಕೆ ಗೋಡಂಬಿ ರುಬ್ಬಿ ಗಟ್ಟಿಮಾಡುವ ರೆಸಾರ್ಟುಗಳ ಪಾಕಪ್ರವೀಣರಿಗೆ ಏನೆಂದು ಹೇಳೋಣ! ಹಿಟ್ಟನ್ನು ಅಗಿಯುವವರೊಡನೆಯಂತೂ ವಾದವೇ ಬೇಡ.

ಮದ್ದೂರು ವಡೆಗೆ ರೈಲು ನಿಲ್ದಾಣವಿತ್ತು, ಪೊಟ್ಟಣವಾಗಿ ಕಿಟಕಿಯಲ್ಲಿ ಕೈಬದಲಾಗಿ ಅದು ನಾಡೆಲ್ಲ ಹೆಸರಾಯಿತು. ಬಸಿದ ಕಟ್ಟನ್ನು ಹಾಗೆ ಪೊಟ್ಟಣ ಕಟ್ಟಲಾಗದು, ಉಪ್ಪುಸಾರಿಗೆ ಆ ಹೆಸರು ದಕ್ಕಲಿಲ್ಲ.

ಇನ್ನು ಉಪ್ಪುಸಾರಿನ ಜೊತೆಗಾರನಾದ ರಾಗಿಹಿಟ್ಟಿನ ವಿಷಯದಲ್ಲಿ ನನಗೆ ಪ್ರಮಾಣಗ್ರಂಥ ಕನಕದಾಸರ ‘ರಾಮಧಾನ್ಯ ಚರಿತ್ರೆ’. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಗೌತಮರು ರಾಗಿಯನ್ನು ಹೆಸರಿಸಿದ್ದೇ ತಡ, ದೇವರ ನೈವೇದ್ಯಕ್ಕೂ ಮದುವೆಯ ಅಕ್ಷತೆಗೂ ತಾನೇ ಬೇಕೆಂಬ ಗರ್ವದ ಬತ್ತವು ಕೆರಳಿ ರಾಗಿಯನ್ನು ಹೀನಾಯವಾಗಿ ಜರೆಯುವುದು. ಬರಗಾಲದಲ್ಲಿ ಬಡವರ ಪ್ರಾಣ ಉಳಿಸಿದವರಾರೆಂದು ರಾಗಿಯೂ ತಿರುಗಿ ಕೇಳುವುದು. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಹೊರತೆಗೆಸಿದಾಗ ಬತ್ತವು ಕಳೆಗುಂದಿರುವುದು, ರಾಗಿಯು ಹೇಗಿತ್ತೋ ಹಾಗೆಯೇ ಇರುವುದು. ತೀರ್ಪು ಅಲ್ಲಿಗೆ ಮುಗಿಯಿತೆಂದುಕೊಂಡರೆ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯದಲ್ಲಿ ಆ ವ್ಯಾಜ್ಯ ಮತ್ತೆ ಎದ್ದಿತು. ಬತ್ತ ಹಬ್ಬಿತು, ಕಬ್ಬು ಹಬ್ಬಿತು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂದಿತು. ಆದರೂ ಅದೇ ನಾಲೆಯ ಹೆಸರು ಹೊತ್ತ ವಿ.ಸಿ. ಫಾರಂನಲ್ಲಿ ಕುಳಿತು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ನೆಂದೇ ಕರೆದರು; ಗದ್ದೆಯ ಒಡೆಯನಾದ ಮೇಲೂ ಒಕ್ಕಲಿಗನು ಹಿಟ್ಟನ್ನು ಬಿಡಲಿಲ್ಲ.

ಮತ್ತೆ ಬ್ಲಫ್ಫಿಗೆ ಬರುವುದಾದರೆ, ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ಹೀಗೆ ಹೊರಗಿನವರಿಗೆ ಕೊಟ್ಟೇ ರೂಢಿಯಾದ ಈ ಎಡೆಯಲ್ಲಿ, ಬಂದವರಿಗೆ ಗೋಬಿ ಮಂಚೂರಿಯನ್ನೇ ಏಕೆ ಬಡಿಸಬೇಕು? ಬ್ಲಫ್ಫು, ಮಳವಳ್ಳಿಗಳ ಹೋಟೆಲಿನವರಲ್ಲಿ ನನ್ನದೊಂದು ವಿಜ್ಞಾಪನೆ: ಅನೇಕ ಮನೆಗಳಲ್ಲಿ ಬಾಡು ಮುಟ್ಟದ ಸೋಮವಾರದಂದಾದರೂ ಹಲಗೆಯ ಮೇಲೆ ‘ಉಪ್ಪುಸಾರು, ಹಿಟ್ಟು’ ಎಂದು ಬರೆಯಿರಿ, ಖಾರವನ್ನು ಮಾತ್ರ ದಯವಿಟ್ಟು ಬೇರೆಯಾಗಿಯೇ ಬಡಿಸಿರಿ.