ಅರಿವು ಉಂಟಾಗುತ್ತದೆ, ಉತ್ತರ ಬರೆಯಿರಿ: ಪದವಿ ಪಠ್ಯಕ್ರಮಗಳ ವಾಕ್ಯರಚನೆ ಕುರಿತು ಒಂದು ವಿಮರ್ಶೆ

ಉನ್ನತ ಶಿಕ್ಷಣದ ಪಠ್ಯಕ್ರಮಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗಳು ಬಹುಪಾಲು ಎರಡು ಪ್ರಶ್ನೆಗಳಲ್ಲಿ ಮುಗಿದುಹೋಗುತ್ತವೆ: ಯಾವ ವಿಷಯ ಸೇರಬೇಕು, ಎಷ್ಟು ಕ್ರೆಡಿಟ್ ದೊರೆಯಬೇಕು. ಪಠ್ಯಕ್ರಮವೂ ಒಂದು ಪಠ್ಯ, ಅದಕ್ಕೂ ವಾಕ್ಯರಚನೆ ಇದೆ, ಆ ರಚನೆಯಲ್ಲಿ ಕಲಿಯುವವನಿಗೆ ಒಂದು ವ್ಯಾಕರಣಾತ್ಮಕ ಸ್ಥಾನ ನಿಗದಿಯಾಗಿರುತ್ತದೆ ಎಂಬುದನ್ನು ಭಾಷಾವಿಜ್ಞಾನಿಗಳೂ ಗಂಭೀರವಾಗಿ ಪರಿಗಣಿಸಿದಂತೆ ಕಾಣುವುದಿಲ್ಲ. ಪ್ರಸ್ತುತ ಲೇಖನ ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಯ ಶೈಕ್ಷಣಿಕ ಪರಿಸರವನ್ನು ಎದುರಿಗಿಟ್ಟುಕೊಂಡು ಈ ಸ್ಥಾನವನ್ನು ಪರಿಶೀಲಿಸುತ್ತದೆ.

ಹಿನ್ನೆಲೆ ಓದುಗರಿಗೆ ಪರಿಚಿತವೇ. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಚೌಕಟ್ಟು ಕರ್ನಾಟಕದ ಪದವಿ ತರಗತಿಗಳಿಗೆ 2021-22ರಲ್ಲಿ ಬಂದಿತು. 2024ರ ಮೇ ತಿಂಗಳ ಸರ್ಕಾರಿ ಆದೇಶದೊಂದಿಗೆ ನಾಲ್ಕು ವರ್ಷಗಳ ಆನರ್ಸ್ ವ್ಯವಸ್ಥೆ ಹಿಂದೆ ಸರಿದು, 2024-25ರಿಂದ ಮೂರು ವರ್ಷಗಳ ಪದವಿ ಮರಳಿತು. ಹೀಗಾಗಿ ಐದೇ ವರ್ಷಗಳ ಅಂತರದಲ್ಲಿ ಮೂರು ಬಗೆಯ ಪಠ್ಯಕ್ರಮಗಳು ಒಂದೇ ಕಾಲೇಜಿನ ಸೂಚನಾಫಲಕದ ಮೇಲೆ ಬಂದುಹೋದವು. ಕ್ರೆಡಿಟ್ ಬದಲಾಯಿತು, ಪತ್ರಿಕೆಗಳ ಹೆಸರು ಬದಲಾಯಿತು. ಉದ್ದೇಶ ಮತ್ತು ಕಲಿಕಾ ಫಲಿತಾಂಶಗಳನ್ನು ಬರೆಯುವ ವಾಕ್ಯದ ಅಚ್ಚು ಮಾತ್ರ ಬದಲಾಗಲಿಲ್ಲ.

ಆ ಅಚ್ಚು ಎಂಥದು? ಉದ್ದೇಶಗಳ ಭಾಗದಲ್ಲಿ ಸಾಮಾನ್ಯವಾಗಿ ಕಾಣುವುದು 'ವಿದ್ಯಾರ್ಥಿಗಳಲ್ಲಿ ವೈಜ್ಞಾನಿಕ ಮನೋಭಾವ ಮೂಡಿಸುವುದು' ಎಂಬ ಬಗೆಯ ವಾಕ್ಯ. ಇಲ್ಲಿ ಕ್ರಿಯೆ '-ಇಸು' ಪ್ರತ್ಯಯದ ಪ್ರೇರಣಾರ್ಥಕ ರೂಪದಲ್ಲಿದೆ, '-ವುದು' ಹತ್ತಿ ನಾಮವಾಗಿದೆ. ಮೂಡಿಸುವವರು ಯಾರೆಂದು ಹೇಳಿಲ್ಲ, ಅಧ್ಯಾಪಕರೆಂದು ಊಹಿಸಬೇಕು. ವಿದ್ಯಾರ್ಥಿಗೆ ದೊರೆತಿರುವುದು ಸಪ್ತಮಿ ವಿಭಕ್ತಿ. ಅವನು ಮನೋಭಾವ ಮೂಡುವ ಒಂದು ಎಡೆ, ಅಷ್ಟೇ. ಫಲಿತಾಂಶಗಳ ಭಾಗಕ್ಕೆ ಬಂದರೆ 'ವಿದ್ಯಾರ್ಥಿಗಳಿಗೆ ದತ್ತಾಂಶ ವಿಶ್ಲೇಷಣೆಯ ಅರಿವು ಉಂಟಾಗುತ್ತದೆ' ಎಂಬ ಮಾದರಿ. ಸಪ್ತಮಿ ಹೋಗಿ ಚತುರ್ಥಿ ಬಂದಿದೆ, ವಿದ್ಯಾರ್ಥಿ ಅನುಭವಿಯಾಗಿದ್ದಾನೆ. ಕರ್ತೃವಂತೂ ಆಗಿಲ್ಲ.

ಕನ್ನಡದ ಚತುರ್ಥಿ ಅನುಭವಿ ರಚನೆಗಳ ಕುರಿತು ಎಸ್. ಎನ್. ಶ್ರೀಧರ್ ಅವರ ಬರಹಗಳಿಂದೀಚೆಗೆ ಸಾಕಷ್ಟು ಚರ್ಚೆಯಾಗಿದೆ. 'ನನಗೆ ಹಸಿವಾಯಿತು', 'ಅವಳಿಗೆ ನೆನಪಾಯಿತು' ಎಂಬಲ್ಲಿ ಅನುಭವಿಯ ಇಚ್ಛೆಗೆ ಅವಕಾಶವಿಲ್ಲ. 'ಉದ್ದೇಶಪೂರ್ವಕವಾಗಿ' ಎಂಬ ಕ್ರಿಯಾವಿಶೇಷಣ ಅಲ್ಲಿ ಒಗ್ಗುವುದಿಲ್ಲ, ವಿಧ್ಯರ್ಥವೂ ಸಲ್ಲುವುದಿಲ್ಲ. 'ನಿನಗೆ ಅರಿವಾಗು' ಎಂದು ಯಾರಿಗೂ ಆಜ್ಞಾಪಿಸಲು ಬರುವುದಿಲ್ಲ. ಆದರೆ ಅದೇ ಪತ್ರಿಕೆಯ ಪರೀಕ್ಷೆಯ ದಿನ ವಿದ್ಯಾರ್ಥಿಯ ಎದುರು ಬರುವ ವಾಕ್ಯಗಳೆಲ್ಲ ವಿಧ್ಯರ್ಥದವೇ: 'ವಿವರಿಸಿ', 'ಚರ್ಚಿಸಿ', 'ಟಿಪ್ಪಣಿ ಬರೆಯಿರಿ'. ಪಠ್ಯಕ್ರಮ ಅವನನ್ನು ಅನುಭವಿಯೆಂದು ಕರೆದು ಕೂರಿಸಿತ್ತು, ಪ್ರಶ್ನೆಪತ್ರಿಕೆ ಏಕಾಏಕಿ ಅವನನ್ನು ಕರ್ತೃವಾಗಿಸುತ್ತದೆ. ಫಲಿತಾಂಶ, ಬೋಧನೆ, ಮೌಲ್ಯಮಾಪನ ಮೂರೂ ಒಂದೇ ಕ್ರಿಯಾಪದದ ಸುತ್ತ ಹೊಂದಿಕೊಳ್ಳಬೇಕೆಂದು ಜಾನ್ ಬಿಗ್ಸ್ 1996ರಲ್ಲಿ ವಾದಿಸಿದ್ದರು. ನಮ್ಮಲ್ಲಿ ಆ ಹೊಂದಿಕೆ ವಿಭಕ್ತಿಯ ಮಟ್ಟದಲ್ಲಿಯೇ ಮುರಿದಿದೆ.

ಇದು ಕೇವಲ ಅನುವಾದದ ದೋಷವೆಂದು ಬದಿಗೆ ಸರಿಸುವಂತಿಲ್ಲ. ಫಲಿತಾಂಶ ಆಧಾರಿತ ಚೌಕಟ್ಟಿನ ಇಂಗ್ಲಿಷ್ ಮೂಲದಲ್ಲಿ ವಿದ್ಯಾರ್ಥಿಯೇ ಕರ್ತೃ, ಅವನ ಸಾಮರ್ಥ್ಯವನ್ನು ಬ್ಲೂಮ್ ವರ್ಗೀಕರಣದ ಕ್ರಿಯಾಪದಗಳು ಹೆಸರಿಸುತ್ತವೆ. ಅದು ಕನ್ನಡಕ್ಕೆ ಬರುವಾಗ 'ಶಕ್ತರಾಗುತ್ತಾರೆ' ಎಂದಾದರೂ 'ಆಗು' ಎಂಬುದು ಸ್ಥಿತ್ಯಂತರದ ಧಾತುವೇ ಹೊರತು ಕೃತಿಯದಲ್ಲ. ಏನು ಮಾಡಲು ಶಕ್ತರು ಎಂಬುದನ್ನು 'ಗ್ರಹಿಸಲು', 'ಅರ್ಥೈಸಿಕೊಳ್ಳಲು' ಎಂಬಂತಹ ಕಣ್ಣಿಗೆ ಕಾಣದ ಕ್ರಿಯೆಗಳಿಂದ ತುಂಬಲಾಗುತ್ತದೆ. ಅಂತಹ ಫಲಿತಾಂಶವನ್ನು ಅಳೆಯುವುದು ಹೇಗೆಂದು ಪಠ್ಯಕ್ರಮ ರಚಿಸಿದವರನ್ನು ಕೇಳಿದರೆ ಅವರು ಪರೀಕ್ಷಾಂಗದ ಕಡೆಗೆ ಬೆರಳು ತೋರಿಸುವುದು ಸಹಜ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಚತುರ್ಥಿ ರಚನೆ ಎಲ್ಲೆಡೆ ಅಪಾತ್ರವಲ್ಲ. ಕಾವ್ಯವನ್ನು ಓದುವಾಗ ಅರ್ಥ 'ಹೊಳೆಯುತ್ತದೆ', ಅದು ಓದುಗನಿಗೆ ಹೊಳೆಯುವುದೇ ಹೊರತು ಓದುಗ ಅದನ್ನು ಹೊಳೆಯಿಸುವುದಿಲ್ಲ. ಸಾಹಿತ್ಯದ ಪತ್ರಿಕೆಯೊಂದರ ಫಲಿತಾಂಶವನ್ನು 'ಐದು ಅಲಂಕಾರಗಳನ್ನು ಗುರುತಿಸುತ್ತಾರೆ' ಎಂದು ಬಲವಂತವಾಗಿ ಕರ್ತೃನಿಷ್ಠಗೊಳಿಸಿದರೆ ಆ ಶಿಸ್ತಿಗೇ ಅಪಚಾರ. ಪ್ರಯೋಗಾಲಯದಲ್ಲಿ ಹಾಗಲ್ಲ. ಅಲ್ಲಿ ಟೈಟ್ರೇಷನ್ ವಿದ್ಯಾರ್ಥಿಗೆ ಉಂಟಾಗುವುದಿಲ್ಲ, ಅವನು ಅದನ್ನು ಮಾಡುತ್ತಾನೆ. ಬಿಗ್ಲನ್ 1973ರಲ್ಲಿ, ಅವರನ್ನು ಆಧರಿಸಿ ಬೆಕರ್ 1989ರಲ್ಲಿ ಶಿಸ್ತುಗಳನ್ನು ಕಠಿಣ–ಮೃದು, ಶುದ್ಧ–ಅನ್ವಯಿಕ ಎಂದು ವಿಂಗಡಿಸಿ ಜ್ಞಾನದ ಸ್ವರೂಪವೇ ಬೇರೆ ಬೇರೆ ಎಂದು ತೋರಿಸಿದರು. ಕನ್ನಡದಲ್ಲಿ ಈ ಭೇದವನ್ನು ಗುರುತಿಸಲು ವಿಭಕ್ತಿಯಂತಹ ಸೂಕ್ಷ್ಮ ಉಪಕರಣ ಕೈಯಲ್ಲೇ ಇದೆ. ಎಲ್ಲ ಶಿಸ್ತುಗಳಿಗೂ ಒಂದೇ ಕೋಷ್ಟಕವನ್ನು ಹಂಚುವ ಪದ್ಧತಿ ಅದನ್ನು ಬಳಸಗೊಡುವುದಿಲ್ಲ. ವಿಚಿತ್ರವೆಂದರೆ ಪಠ್ಯಕ್ರಮ ಅಳಿಸಿದ ಭೇದ ಪ್ರಶ್ನೆಪತ್ರಿಕೆಯಲ್ಲಿ ಉಳಿದುಕೊಂಡಿದೆ. ಗಣಿತದಲ್ಲಿ 'ಸಾಧಿಸಿ', ವಾಣಿಜ್ಯದಲ್ಲಿ 'ಆಢಾವೆ ಪತ್ರಿಕೆಯನ್ನು ತಯಾರಿಸಿ', ಇತಿಹಾಸದಲ್ಲಿ 'ಕಾರಣಗಳನ್ನು ವಿಶ್ಲೇಷಿಸಿ'. ಶಿಸ್ತುಗಳ ಭಾಷೆಯನ್ನು ಹುಡುಕುವ ಸಂಶೋಧಕರು ಪಠ್ಯಕ್ರಮದ ಕಡತಕ್ಕಿಂತ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನು ಬಿಚ್ಚುವುದು ಮೇಲು.

ಭಾಷಾ ಪತ್ರಿಕೆಗಳ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ತರಗತಿಗಳಿಗೆ ಪ್ರತ್ಯೇಕ ಕನ್ನಡ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ರೂಢಿ ನಮ್ಮ ವಿಶ್ವವಿದ್ಯಾಲಯಗಳಲ್ಲಿದೆ. ಆಶಯ ಒಳ್ಳೆಯದು. ಆದರೆ ಭೇದ ಸಾಮಾನ್ಯವಾಗಿ ವಸ್ತುವಿನದು, ಪ್ರಕಾರದ್ದಲ್ಲ. ವಿಜ್ಞಾನದ ವಿದ್ಯಾರ್ಥಿಗೆ ವಿಜ್ಞಾನದ ಬಗ್ಗೆ ಒಂದು ಪ್ರಬಂಧ, ವಾಣಿಜ್ಯದವನಿಗೆ ಮಾರುಕಟ್ಟೆಯ ಬಗ್ಗೆ ಇನ್ನೊಂದು, ಉಳಿದಂತೆ ಅದೇ ಕವಿತೆ, ಅದೇ ಕಥೆ. ಪ್ರಯೋಗದ ವರದಿ, ಲೆಕ್ಕಪರಿಶೋಧನೆಯ ಟಿಪ್ಪಣಿ, ಕ್ಷೇತ್ರಕಾರ್ಯದ ದಾಖಲೆ, ಇವುಗಳನ್ನು ಕನ್ನಡದಲ್ಲಿ ಬರೆಯುವ ಅಭ್ಯಾಸ ಎಲ್ಲಿಯೂ ಇಲ್ಲ. ಹ್ಯಾಲಿಡೇ ಮತ್ತು ಮಾರ್ಟಿನ್ ವಿಜ್ಞಾನದ ಬರವಣಿಗೆಯನ್ನು ವ್ಯಾಕರಣದ ಮೂಲಕ ಬಿಡಿಸಿಟ್ಟ 1993ರ ಕೃತಿ ನಮ್ಮ ಪಿಎಚ್.ಡಿ. ಪ್ರಬಂಧಗಳಲ್ಲಿ ಉಲ್ಲೇಖವಾಗಿ ಬರುತ್ತದೆ, ಪದವಿ ತರಗತಿಯ ಬಾಗಿಲನ್ನು ಮಾತ್ರ ದಾಟಿಲ್ಲ.

ಆ ಬಗೆಯ ಕನ್ನಡವೇ ಇಲ್ಲ ಎಂಬ ಆಕ್ಷೇಪ ಈ ಪ್ರದೇಶದಲ್ಲಿ ನಿಲ್ಲಲಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸ್ಟಾಪ್‌ಲಾಗ್ ಅಳವಡಿಸುವವರೆಗಿನ ಸುಮಾರು ಒಂದು ವಾರ ಒಳಹರಿವು, ಹೊರಹರಿವು, ಕ್ಯೂಸೆಕ್, ಟಿಎಂಸಿ ಅಡಿ, ನೀರಿನ ಒತ್ತಡ ಎಂಬ ಪದಗಳನ್ನು ಹೊಸಪೇಟೆಯ ಚಹಾದಂಗಡಿಯಿಂದ ಕಂಪ್ಲಿಯ ಗದ್ದೆಯವರೆಗೆ ಜನ ಬಳಸಿದರು, ಪತ್ರಿಕೆಗಳು ಕಾರಣ–ಪರಿಣಾಮದ ದೀರ್ಘ ವಾಕ್ಯಗಳಲ್ಲಿ ವಿವರಿಸಿದವು. ದ್ರವಗಳ ಒತ್ತಡವನ್ನು ಪಾಠದಲ್ಲಿ ಓದಿದ ವಿದ್ಯಾರ್ಥಿ ಆ ವಾರ ಮನೆಯಲ್ಲಿ ಕನ್ನಡದಲ್ಲಿಯೇ ಭೌತಶಾಸ್ತ್ರವನ್ನು ಮಾತಾಡಿದನು. ಅದು ಪಠ್ಯಕ್ರಮಕ್ಕೆ ಲೆಕ್ಕವಿಲ್ಲ.

ಶಾಸ್ತ್ರೀಯ ಮಟ್ಟದಲ್ಲಿಯೂ ಕೊರತೆಯಿಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ, ಮಹಿಳಾ ಅಧ್ಯಯನ, ಬುಡಕಟ್ಟು ಅಧ್ಯಯನ, ಶಾಸನಶಾಸ್ತ್ರ ಮೊದಲಾದ ವಿಭಾಗಗಳು ಕನ್ನಡದಲ್ಲಿ ಸಂಶೋಧನ ಗದ್ಯವನ್ನು ಬೆಳೆಸಿವೆ. ಕೋಷ್ಟಕವನ್ನು ಓದುವ ಕನ್ನಡ, ಪ್ರಮೇಯವನ್ನು ಮಂಡಿಸುವ ಕನ್ನಡ ಆ ಪ್ರಬಂಧಗಳಲ್ಲಿದೆ. ಕೆಲವೇ ಕಿಲೋಮೀಟರು ದೂರದ ಹೊಸಪೇಟೆಯ ಪದವಿ ತರಗತಿಗಳ ಪಠ್ಯಕ್ರಮ ಸಿದ್ಧವಾಗುವುದು 2010ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಬೇರೆ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳಲ್ಲಿ. ಎರಡರ ಅಧಿಕಾರವ್ಯಾಪ್ತಿ ಬೇರೆ ಎಂಬುದು ನಿಜ, ಗದ್ಯಕ್ಕೆ ಅಧಿಕಾರವ್ಯಾಪ್ತಿ ಇಲ್ಲ ಎಂಬುದೂ ನಿಜ.

ಸಂಡೂರಿನಲ್ಲಿ ಸಮಸ್ಯೆ ಇನ್ನೂ ತೀಕ್ಷ್ಣ. ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಈ ತಾಲ್ಲೂಕಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನು ಕಲಿಸಲಾಗುತ್ತದೆ. ಸುತ್ತಲಿನ ತಾಂಡಾಗಳಿಂದ ಕಾಲೇಜಿಗೆ ಬರುವವರ ಮನೆಮಾತು ಲಂಬಾಣಿ. ಪಠ್ಯಕ್ರಮದ ಭಾಷೆಯಲ್ಲಿ 'ಪ್ರಥಮ ಭಾಷೆ' ಎಂದರೆ ಪತ್ರಿಕೆಯ ಕ್ರಮಸಂಖ್ಯೆ, ಭಾಷಾರ್ಜನೆಗೂ ಅದಕ್ಕೂ ಸಂಬಂಧವಿಲ್ಲ. ಕನ್ನಡವನ್ನು ಎರಡನೆಯದಾಗಿ, ಇಂಗ್ಲಿಷನ್ನು ಮೂರನೆಯದಾಗಿ ಕಲಿತ ವಿದ್ಯಾರ್ಥಿನಿ ವಿಜ್ಞಾನವನ್ನು ಮೂರನೆಯದರಲ್ಲಿ ಬರೆಯುತ್ತಾಳೆ, ಎರಡನೆಯದರಲ್ಲಿ ಕವಿತೆಯ ಸಾರಾಂಶ ಬರೆಯುತ್ತಾಳೆ. ಈ ಎರಡು ಬರವಣಿಗೆಗಳ ನಡುವೆ ಸೇತುವೆಯಾಗುವ ಒಂದು ಪತ್ರಿಕೆಯೂ ಅವಳಿಗೆ ದೊರೆಯುವುದಿಲ್ಲ. ಅನುತ್ತೀರ್ಣಳಾದರೆ ಕಾರಣವನ್ನು ವಿಷಯಜ್ಞಾನದ ಕೊರತೆಯೆಂದೇ ದಾಖಲಿಸಲಾಗುತ್ತದೆ.

ಸ್ಥಳೀಯತೆಯ ಹೆಸರಿನಲ್ಲಿ ಸಾಮಾನ್ಯವಾಗಿ ನಡೆಯುವುದು ಹಂಪಿಯನ್ನು ಒಂದು ಘಟಕವಾಗಿ ಸೇರಿಸುವುದು. ಇತಿಹಾಸದಲ್ಲಿ ಹಂಪಿ, ಪ್ರವಾಸೋದ್ಯಮದಲ್ಲಿ ಹಂಪಿ, ಕನ್ನಡದಲ್ಲಿಯೂ ಹಂಪಿ. (ಮೂರೂ ಪತ್ರಿಕೆಗಳಲ್ಲಿ ಕಲ್ಲಿನ ರಥ ತಪ್ಪುವುದಿಲ್ಲ.) ಆದರೆ ಅಲ್ಲಿನ ಒಂದು ದಾನಶಾಸನವನ್ನು ಓದಲು ಲಿಪಿ ತಿಳಿದಿರಬೇಕು, ತಿಥಿವಾರಗಳನ್ನು ಪರಿಶೀಲಿಸಲು ಗಣಿತ ಬೇಕು, ಗಡಿಗಳ ವಿವರಕ್ಕೆ ಭೂಗೋಳ, ಕಂದಾಯದ ಪದಗಳಿಗೆ ಅರ್ಥಶಾಸ್ತ್ರ ಬೇಕು, ಸಂಸ್ಕೃತ–ಕನ್ನಡ–ತೆಲುಗು–ತಮಿಳುಗಳ ಸಹವಾಸವನ್ನು ಬಿಡಿಸಲು ನಮ್ಮ ಶಿಸ್ತೇ ಬೇಕು. ಶಿಸ್ತುಗಳ ನಡುವಿನ ಪಠ್ಯಕ್ರಮಕ್ಕೆ ಇದಕ್ಕಿಂತ ಸಮೀಪದ ಸಾಮಗ್ರಿಯನ್ನು ನಾನು ಕಾಣೆ. ಮುಕ್ತ ಆಯ್ಕೆಯ ಪತ್ರಿಕೆಗಳು ಜಾರಿಯಲ್ಲಿದ್ದ ವರ್ಷಗಳಲ್ಲಿ ಇಂತಹದಕ್ಕೆ ನಿಯಮದಲ್ಲಿಯೇ ಅವಕಾಶವಿತ್ತು.

ಏಕರೂಪತೆಯಿಂದ ಕ್ರೆಡಿಟ್ ವರ್ಗಾವಣೆ ಸುಲಭ, ಕಂಪ್ಲಿಯ ವಿದ್ಯಾರ್ಥಿ ಬೆಂಗಳೂರಿಗೆ ಹೋದರೂ ಹಿಂದೆ ಬೀಳುವುದಿಲ್ಲ ಎಂಬ ವಾದಕ್ಕೆ ತೂಕವಿದೆ. ಆದರೆ ಇಲ್ಲಿ ಕೇಳುತ್ತಿರುವುದು ವಿಷಯದ ಬದಲಾವಣೆಯನ್ನಲ್ಲ. ಪ್ರತಿ ಫಲಿತಾಂಶವಾಕ್ಯದಲ್ಲಿ ವಿದ್ಯಾರ್ಥಿ ಯಾವ ವಿಭಕ್ತಿಯಲ್ಲಿದ್ದಾನೆ, ಆ ವಿಭಕ್ತಿ ಆ ಶಿಸ್ತಿಗೆ ತಕ್ಕದೇ, ವಾಕ್ಯದ ಕ್ರಿಯಾಪದ ಪ್ರಶ್ನೆಪತ್ರಿಕೆಯ ಕ್ರಿಯಾಪದದೊಡನೆ ಕೂಡುತ್ತದೆಯೇ ಎಂದು ನೋಡಲು ಒಂದು ಅಧ್ಯಯನ ಮಂಡಳಿಗೆ ಒಂದು ಮಧ್ಯಾಹ್ನ ಸಾಕು. ಇದಕ್ಕೆ ವಿಜ್ಞಾನ ಮತ್ತು ವಾಣಿಜ್ಯದ ಮಂಡಳಿಗಳಲ್ಲಿ ಭಾಷಾವಿಜ್ಞಾನಿಯೊಬ್ಬರಿಗೆ ಕುರ್ಚಿ ಬೇಕು. ನಿಯಮಗಳಲ್ಲಿ ಹೊರಗಿನ ಸದಸ್ಯರಿಗೆ ಈಗಾಗಲೇ ಸ್ಥಾನವಿದೆ, ಅದು ಅದೇ ಶಿಸ್ತಿನವರಿಂದಲೇ ತುಂಬುತ್ತದೆ. ಮೂರು ವರ್ಷಗಳ ಪದವಿಯ ಉಳಿದ ಸೆಮಿಸ್ಟರುಗಳ ಪತ್ರಿಕೆಗಳು ಪರಿಷ್ಕರಣೆಗೆ ಬರುವ ಮುನ್ನ ಕನಿಷ್ಠ ಒಂದು ಮಂಡಳಿಯಲ್ಲಾದರೂ ಇದನ್ನು ಪರೀಕ್ಷಿಸಿ ನೋಡಬಹುದು. ರಸಾಯನಶಾಸ್ತ್ರದ ಪ್ರಯೋಗ ಪತ್ರಿಕೆಯಿಂದ ಆರಂಭಿಸುವುದು ಸುಲಭ, ಅಲ್ಲಿ ಕರ್ತೃ ಯಾರೆಂಬ ಬಗ್ಗೆ ಯಾರಿಗೂ ಅನುಮಾನವಿಲ್ಲ.