ಗೆರೆ ಯೋಚಿಸತೊಡಗಿದಾಗ

1934ರಲ್ಲಿ ಬಂದ ‘ಪ್ಲೇಫುಲ್ ಪ್ಲೂಟೊ’ ಎಂಬ ಡಿಸ್ನಿ ಕಿರುಚಿತ್ರದಲ್ಲಿ ಮಿಕಿ ಮೌಸ್‌ನ ನಾಯಿ ಪ್ಲೂಟೊ ನೊಣ ಹಿಡಿಯುವ ಅಂಟುಕಾಗದಕ್ಕೆ ಸಿಕ್ಕಿಬೀಳುತ್ತದೆ. ಒಂದು ಕಡೆ ಬಿಡಿಸಿಕೊಂಡರೆ ಇನ್ನೊಂದು ಕಡೆ ಅಂಟಿಕೊಳ್ಳುವ ಹಾಳೆ; ಪ್ರಸಂಗವೆಂದರೆ ಇಷ್ಟೇ. ಅದುವರೆಗಿನ ಕಾರ್ಟೂನುಗಳಲ್ಲಿ ಇಂಥ ತಮಾಷೆ ಬೇಗ ಬಂದು ಬೇಗ ಮುಗಿದುಹೋಗುತ್ತಿತ್ತು. ಚಿತ್ರಕಾರ ನಾರ್ಮ್ ಫರ್ಗೂಸನ್ ಅದನ್ನು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬೆಳೆಸಿದರು, ಆದರೂ ಎಲ್ಲಿಯೂ ಬೇಸರವಾಗುವುದಿಲ್ಲ. ಪ್ರತಿ ಸಲ ಸೋತಾಗಲೂ ಪ್ಲೂಟೊ ನಿಲ್ಲುತ್ತದೆ, ಹಾಳೆಯನ್ನು ದಿಟ್ಟಿಸುತ್ತದೆ, ಮುಂದೇನು ಮಾಡಲಿ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕಾಚಾರ ನಮಗೆ ಕಾಣುತ್ತದೆ. ಒಂದು ಮಾತೂ ಇಲ್ಲದೆ, ಗೆರೆಯಲ್ಲಿ ಮಾಡಿದ ಪ್ರಾಣಿಯೊಂದರ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದು ಪ್ರೇಕ್ಷಕರಿಗೆ ಅಷ್ಟು ಸ್ಪಷ್ಟವಾಗಿ ತಿಳಿದದ್ದು ದೊಡ್ಡ ಸಂಗತಿ.

ಅನಿಮೇಷನ್ನಿನ ‘12 ತತ್ವಗಳು’ ಎಂದು ಇಂದು ಜಗತ್ತಿನ ಬಹುತೇಕ ತರಬೇತಿ ಶಾಲೆಗಳಲ್ಲಿ ಕಲಿಸುವ ಪಾಠ ರೂಪುಗೊಂಡದ್ದು 1930ರ ದಶಕದ ಡಿಸ್ನಿ ಸ್ಟುಡಿಯೋದಲ್ಲಿ. ಅದನ್ನು ಬರೆದಿಟ್ಟದ್ದು ಬಹಳ ತಡವಾಗಿ. ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ನಾಲ್ಕು ದಶಕಗಳಿಗೂ ಮಿಕ್ಕಿ ಡಿಸ್ನಿಯಲ್ಲಿ ದುಡಿದು ನಿವೃತ್ತರಾದ ಮೇಲೆ, 1981ರಲ್ಲಿ, ‘ದಿ ಇಲ್ಯೂಷನ್ ಆಫ್ ಲೈಫ್’ ಎಂಬ ಬೃಹತ್ ಗ್ರಂಥ ಪ್ರಕಟಿಸಿದರು. ಚೆಂಡು ನೆಲಕ್ಕೆ ಬಡಿದಾಗ ಚಪ್ಪಟೆಯಾಗಿ ಪುಟಿಯುವಾಗ ಉದ್ದವಾಗುವ ‘ಸ್ಕ್ವಾಶ್ ಅಂಡ್ ಸ್ಟ್ರೆಚ್’, ಎಸೆಯುವ ಮುನ್ನ ಕೈ ಹಿಂದಕ್ಕೆ ಹೋಗುವ ‘ಆಂಟಿಸಿಪೇಷನ್’, ಪ್ರತಿಯೊಂದು ಸಂಗತಿಯೂ ಒಂದೇ ನೋಟಕ್ಕೆ ಅರ್ಥವಾಗುವಂತೆ ಪಾತ್ರವನ್ನು ನಿಲ್ಲಿಸುವ ‘ಸ್ಟೇಜಿಂಗ್’, ಮತ್ತೆ ಟೈಮಿಂಗ್, ಉತ್ಪ್ರೇಕ್ಷೆ ಇತ್ಯಾದಿ. ವಿದ್ಯಾರ್ಥಿಗಳು ಇವನ್ನು ಭೌತಶಾಸ್ತ್ರದ ನಿಯಮಗಳಂತೆ ಕಲಿಯುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಈ ತತ್ವಗಳ ನಿಜವಾದ ಕಸುವು ಪಾತ್ರದ ಯೋಚನೆಯನ್ನು ಕಣ್ಣಿಗೆ ಕಾಣಿಸುವುದರಲ್ಲಿದೆ; ಆ ಕೆಲಸ ತಪ್ಪಿದ ಕಡೆ ಅವು ಎಷ್ಟೇ ಚೊಕ್ಕವಾಗಿ ಪಾಲನೆಯಾಗಿದ್ದರೂ ಕಥೆ ಮುಂದೆ ಸಾಗುವುದಿಲ್ಲ.

1937ರ ‘ಸ್ನೋ ವೈಟ್ ಅಂಡ್ ದಿ ಸೆವೆನ್ ಡ್ವಾರ್ಫ್ಸ್’ ಚಿತ್ರವನ್ನೇ ನೋಡಿ. ಬೆಳಿಗ್ಗೆ ಗಣಿಗೆ ಹೊರಟ ಕುಳ್ಳರಿಗೆಲ್ಲ ಸ್ನೋ ವೈಟ್ ತಲೆಗೊಂದು ಮುತ್ತು ಕೊಟ್ಟು ಕಳಿಸುತ್ತಾಳೆ. ಸದಾ ಸಿಡುಕುವ ಗ್ರಂಪಿಯ ಸರದಿ ಬರುತ್ತದೆ. ಬಿಲ್ ಟೈಟ್ಲಾ ಚಿತ್ರಿಸಿದ ಈ ದೃಶ್ಯದಲ್ಲಿ ಮುತ್ತು ಬಿದ್ದ ಕ್ಷಣ ಗ್ರಂಪಿಯ ಇಡೀ ದೇಹ ಅವಳಿಂದ ಕಿತ್ತುಕೊಳ್ಳಲು ಹೆಣಗುತ್ತದೆ. ಬಿಡಿಸಿಕೊಂಡವನೇ ದಡದಡ ಹೆಜ್ಜೆ ಹಾಕುತ್ತಾನೆ. ಸ್ವಲ್ಪ ದೂರ ಹೋದ ಮೇಲೆ ಹೆಜ್ಜೆಯ ಬಿರುಸು ಇಳಿಯುತ್ತದೆ, ಹುಬ್ಬಿನ ಗಂಟು ಸಡಿಲುತ್ತದೆ, ನಿಟ್ಟುಸಿರೊಂದು ಹೊರಡುತ್ತದೆ, ಮುಖದಲ್ಲಿ ನಗೆ ಅರಳುತ್ತದೆ. ಅವಳು ತನ್ನನ್ನು ನೋಡುತ್ತಿದ್ದಾಳೆಂದು ಗೊತ್ತಾದದ್ದೇ ಮುಖ ಮತ್ತೆ ಗಂಟಿಕ್ಕುತ್ತದೆ. ಇಲ್ಲಿ ವೇಗ ಕಡಿಮೆಯಾಗುವುದು ‘ಸ್ಲೋ ಇನ್ ಅಂಡ್ ಸ್ಲೋ ಔಟ್’ ಎಂಬ ನಿಯಮದ ಪಾಲನೆಗಾಗಿ ಅಲ್ಲವೇ ಅಲ್ಲ. ಹಟಮಾರಿ ಮನಸ್ಸೊಂದು ಕರಗುತ್ತಿದೆ, ಕರಗುವುದಕ್ಕೆ ಎಷ್ಟು ಹೆಜ್ಜೆ ಬೇಕೋ ಅಷ್ಟು ಹೆಜ್ಜೆ ಅವನು ನಡೆಯಬೇಕು. ಒಂದು ಹೆಜ್ಜೆ ಮೊದಲೇ ನಕ್ಕಿದ್ದರೆ ಅವನ ಸಿಡುಕು ಬರೀ ವೇಷವಾಗುತ್ತಿತ್ತು. ಮುಂದೆ ಇದೇ ಕುಳ್ಳ ಅವಳ ಶವದ ಮುಂದೆ ಅಳುವಾಗ ನಾವೂ ಕರಗುತ್ತೇವೆ. ಅದರ ಬೀಜ ಬಿತ್ತಿದ್ದು ಈ ಕೆಲವು ಹೆಜ್ಜೆಗಳಲ್ಲಿ. ಆ ಅಳುವ ದೃಶ್ಯವನ್ನು ಫ್ರಾಂಕ್ ಥಾಮಸ್ ಬಹುಪಾಲು ನಿಶ್ಚಲವಾಗಿಯೇ ಇಟ್ಟರು ಎಂಬುದನ್ನೂ ಗಮನಿಸಬೇಕು.

ಅದೇ ಚಿತ್ರದ ರಾಜಕುಮಾರನನ್ನು ಯಾರು ನೆನಪಿಟ್ಟುಕೊಂಡಿದ್ದಾರೆ? ಅಂಗಾಂಗಗಳ ಅಳತೆ ಸರಿಯಿದೆ, ನಡಿಗೆಯಲ್ಲಿ ತಪ್ಪಿಲ್ಲ. ಆದರೆ ಅವನಿಗೆ ಯಾವ ಸಂದೇಹವೂ ಇಲ್ಲ, ಯಾವ ನಿರ್ಧಾರವೂ ಇಲ್ಲ. ಮನುಷ್ಯರ ಪಾತ್ರಗಳನ್ನು ಸಹಜವಾಗಿ ಕುಣಿಸುವುದು ಕಷ್ಟವೆಂದು ಸ್ಟುಡಿಯೋ ಅವನ ಭಾಗವನ್ನೇ ಮೊಟಕುಗೊಳಿಸಿತು.

ಈ ಪರಂಪರೆಯನ್ನು ಹೊಗಳುವವರು ಸಾಮಾನ್ಯವಾಗಿ ದಾಟಿ ಹೋಗುವ ಮಾತೊಂದಿದೆ. 1941ರ ‘ಡಂಬೊ’ದಲ್ಲಿ ಟೈಟ್ಲಾ ತಮ್ಮ ಪುಟ್ಟ ಮಗನನ್ನು ಗಮನಿಸಿ ಆನೆಮರಿಯನ್ನು ಚಿತ್ರಿಸಿದರು. ಸ್ನಾನ ಮಾಡಿಸುವ ತಾಯಿಯ ಕಾಲುಗಳ ನಡುವೆ ಅದು ನುಸುಳಿ ಆಡುವ ದೃಶ್ಯದಲ್ಲಿ ಮುಗ್ಧತೆ ಎಂಬುದಕ್ಕೆ ತೂಕವಿದೆ, ಸ್ಪರ್ಶವಿದೆ. ಅದೇ ಚಿತ್ರದ ಕಾಗೆಗಳೂ ಕುಶಲತೆಯಲ್ಲಿ ಕಡಿಮೆಯಿಲ್ಲ: ನಡಿಗೆಯ ಲಯ, ಟೋಪಿ ವಾಲಿಸುವ ಠೀವಿ, ಒಂದೊಂದು ಹಕ್ಕಿಗೆ ಒಂದೊಂದು ಸ್ವಭಾವ. ಆದರೆ ಅವು ಕಪ್ಪು ಅಮೆರಿಕನ್ನರ ಅಣಕ. ಮುಂದಾಳು ಕಾಗೆಗೆ ಧ್ವನಿ ಕೊಟ್ಟವರು ಬಿಳಿಯ ನಟ. ಉತ್ಪ್ರೇಕ್ಷೆಯೆಂಬ ತತ್ವ ಯಾವುದನ್ನು ಹಿಗ್ಗಿಸಬೇಕೆಂದು ಹೇಳುವುದಿಲ್ಲ; ಪೂರ್ವಗ್ರಹವನ್ನು ಕೊಟ್ಟರೆ ಪೂರ್ವಗ್ರಹವನ್ನೇ ಅಷ್ಟೇ ಸೊಗಸಾಗಿ ಹಿಗ್ಗಿಸುತ್ತದೆ. ‘ಅಪೀಲ್’ ಎಂಬ ಕೊನೆಯ ತತ್ವವನ್ನು ನಾನು ಹನ್ನೆರಡರಲ್ಲಿ ಅತ್ಯಂತ ದುರ್ಬಲವೆಂದು ಎಣಿಸುವುದು ಇದರಿಂದಲೇ. ಯಾರ ಕಣ್ಣಿಗೆ ಆಕರ್ಷಕ ಎಂಬ ಪ್ರಶ್ನೆಯನ್ನು ಅದು ಕೇಳಿಕೊಳ್ಳಲೇ ಇಲ್ಲ.

1941ರಲ್ಲಿಯೇ ಡಿಸ್ನಿ ಸ್ಟುಡಿಯೋದಲ್ಲಿ ಮುಷ್ಕರ ನಡೆಯಿತು. ಹೊರಬಂದ ಕೆಲವು ಕಲಾವಿದರು ಸೇರಿ ಕಟ್ಟಿದ ಯುಪಿಎ ಸಂಸ್ಥೆ 1950ರಲ್ಲಿ ‘ಜೆರಾಲ್ಡ್ ಮೆಕ್‌ಬಾಯಿಂಗ್ ಬಾಯಿಂಗ್’ ತಂದಿತು. ಮಾತಿನ ಬದಲು ಬಾಯಿಂದ ಬರೀ ಸದ್ದು ಹೊರಡಿಸುವ ಹುಡುಗನ ಕಥೆ. ಗೋಡೆಗಳಿಲ್ಲದ ಮನೆ, ನಾಲ್ಕು ಗೆರೆಯ ಪೀಠೋಪಕರಣ, ಹುಡುಗನ ಒಂಟಿತನಕ್ಕೆ ತಕ್ಕಂತೆ ಬದಲಾಗುವ ಬಣ್ಣ. ಸ್ಕ್ವಾಶ್ ಇಲ್ಲ, ಸ್ಟ್ರೆಚ್ ಇಲ್ಲ, ಮೈಗೆ ಗಾತ್ರವೂ ಇಲ್ಲ. ಆಸ್ಕರ್ ಪಡೆದ ಈ ಚಿತ್ರವನ್ನು ತತ್ವಗಳ ವಿರುದ್ಧದ ಬಂಡಾಯ ಎಂದು ವರ್ಣಿಸುವುದು ವಾಡಿಕೆ. ನನಗೆ ಹಾಗೆನಿಸುವುದಿಲ್ಲ. ಸ್ಟೇಜಿಂಗ್ ಎಂಬ ಒಂದೇ ತತ್ವವನ್ನು ಹಿಡಿದು ಕೊನೆಯವರೆಗೂ ಹೋದರೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಅದು ಸಾಕ್ಷಿ.

ಭಾರತಕ್ಕೆ ಈ ಪಾಠ ಬಂದದ್ದು ನೇರವಾಗಿ. ಡಿಸ್ನಿಯಲ್ಲಿ ದುಡಿದಿದ್ದ, ಭಾರತದಲ್ಲೇ ಹುಟ್ಟಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈಯ ಫಿಲ್ಮ್ಸ್ ಡಿವಿಷನ್ನಿಗೆ ಬಂದು ಇಲ್ಲಿನ ಯುವಕರಿಗೆ ತರಬೇತಿ ಕೊಟ್ಟರು. ರಾಮ್ ಮೋಹನ್ ಅವರಲ್ಲೊಬ್ಬರು. ಮರುವರ್ಷ ಬಂದ ಜಾತಕ ಕಥೆಯ ಚಿತ್ರ ‘ದಿ ಬನಿಯನ್ ಡಿಯರ್’ನಲ್ಲಿ ಗುರುವಿನ ನೆರಳು ದಟ್ಟವಾಗಿದೆ. ಆದರೆ ಡಿಸ್ನಿಯಂತೆ ಸೆಕೆಂಡಿಗೆ 12 ಅಥವಾ 24 ಚಿತ್ರ ಬರೆಯುವ ಹಣ, ಜನ ಇಲ್ಲಿರಲಿಲ್ಲ. ಆ ಕೊರತೆಯೊಳಗೇ ಅರಳಿದ್ದು 1974ರ ‘ಏಕ್ ಅನೇಕ್ ಔರ್ ಏಕ್ತಾ’. ದೂರದರ್ಶನದಲ್ಲಿ ಅದನ್ನು ನೋಡಿ ಬೆಳೆದ ಕನ್ನಡದ ಮಕ್ಕಳಲ್ಲಿ ಹಲವರಿಗೆ ಹಿಂದಿ ಗೊತ್ತಿರಲಿಲ್ಲ; ಬಲೆಯ ಸಮೇತ ಹಾರಿದ ಹಕ್ಕಿಗಳ ಕಥೆ ಮಾತ್ರ ಪೂರ್ತಿ ಅರ್ಥವಾಗಿತ್ತು. ಗುಂಪನ್ನು ಎಲ್ಲಿ ಒಂದೇ ಆಕಾರವಾಗಿ ತೋರಿಸಬೇಕು, ಎಲ್ಲಿ ಬಿಡಿಬಿಡಿಯಾಗಿ ಎಂಬುದು ಅದನ್ನು ಮಾಡಿದವರಿಗೆ ಖಚಿತವಾಗಿ ತಿಳಿದಿತ್ತು.

ಕಂಪ್ಯೂಟರ್ ಬಂದಾಗ ಹಳೆಯ ವಿದ್ಯೆಯ ಕಥೆ ಮುಗಿಯಿತೆಂದುಕೊಂಡವರಿದ್ದರು. 1986ರಲ್ಲಿ ಜಾನ್ ಲ್ಯಾಸೆಟರ್ ‘ಲಕ್ಸೊ ಜೂನಿಯರ್’ ಮಾಡಿದರು: ಎರಡು ಮೇಜುದೀಪ, ಒಂದು ಚೆಂಡು, ಸುಮಾರು ಎರಡು ನಿಮಿಷ. ಲೋಹದ ದೀಪ ಚಪ್ಪಟೆಯಾಗುವಂತಿಲ್ಲ, ಉದ್ದವಾಗುವಂತಿಲ್ಲ. ಹಾಗಾಗಿ ಆ ಕೆಲಸವನ್ನು ಅದರ ಕೀಲುಗಳು ವಹಿಸಿಕೊಳ್ಳುತ್ತವೆ. ನೆಗೆಯುವ ಮುನ್ನ ಮರಿದೀಪ ಮೈ ಮಡಚಿ ಕುಗ್ಗುತ್ತದೆ. ಅದರ ಭಾರಕ್ಕೆ ಚೆಂಡು ಗಾಳಿ ಕಳೆದುಕೊಂಡಾಗ ಮರಿಯ ತಲೆ ನಿಧಾನವಾಗಿ ತಗ್ಗುತ್ತದೆ. ಪ್ರದರ್ಶನ ಮುಗಿದ ಮೇಲೆ ಗ್ರಾಫಿಕ್ಸ್ ತಜ್ಞ ಜಿಮ್ ಬ್ಲಿನ್ ಬಳಿಗೆ ಬಂದಾಗ, ನೆರಳಿನ ಗಣಿತದ ಬಗ್ಗೆ ಏನೋ ಕೇಳುತ್ತಾರೆಂದು ಲ್ಯಾಸೆಟರ್ ಅಂದುಕೊಂಡರು. ಬ್ಲಿನ್ ಕೇಳಿದ್ದು, ದೊಡ್ಡ ದೀಪ ತಾಯಿಯೋ ತಂದೆಯೋ ಎಂದು. ಮುಖವಿಲ್ಲದ, ಕಣ್ಣಿಲ್ಲದ ಒಂದು ವಸ್ತುವಿನ ಬಗ್ಗೆ ಕಂಪ್ಯೂಟರ್ ಪರಿಣತರೊಬ್ಬರು ಅಂಥ ಪ್ರಶ್ನೆ ಕೇಳಿದ್ದಕ್ಕಿಂತ ದೊಡ್ಡ ಮನ್ನಣೆ ಈ ಪರಂಪರೆಗೆ ಸಿಕ್ಕಿದ್ದನ್ನು ನಾನು ಕಾಣೆ. ಮರುವರ್ಷ ಲ್ಯಾಸೆಟರ್ ಇದೇ ತತ್ವಗಳನ್ನು ಕಂಪ್ಯೂಟರಿಗೆ ಒಗ್ಗಿಸುವ ಬಗೆಯನ್ನು ವಿವರಿಸಿ ಪ್ರಬಂಧ ಮಂಡಿಸಿದರು.

ಈಗ ಆ ತತ್ವಗಳಲ್ಲಿ ಕೆಲವು ಸಾಫ್ಟ್‌ವೇರಿನೊಳಗೇ ಕೂತಿವೆ. ಎರಡು ಭಂಗಿ ಕೊಟ್ಟರೆ ನಡುವಿನ ಚಲನೆಯನ್ನು ಅದೇ ತುಂಬುತ್ತದೆ, ಆರಂಭ ಮೆಲ್ಲಗೆ, ಕೊನೆ ಮೆಲ್ಲಗೆ, ನಡುವೆ ವೇಗ. ಆ ಹರಿವನ್ನು ಎಲ್ಲಿ ಕಡಿಯಬೇಕು, ಯಾವ ಫ್ರೇಮಿನಲ್ಲಿ ಪಾತ್ರವನ್ನು ತಡೆದು ನಿಲ್ಲಿಸಿ ಯೋಚಿಸಲು ಬಿಡಬೇಕು ಎಂಬುದನ್ನು ಕೂತು ಮಾಡುವವರೇ ನಿರ್ಧರಿಸಬೇಕು. ಅಷ್ಟು ಪುರಸೊತ್ತು ಕೊಡದ ಕಡೆ ತಯಾರಾಗುವ ಎಷ್ಟೋ ಟಿವಿ ಕಾರ್ಟೂನುಗಳಲ್ಲಿ ಪಾತ್ರಗಳು ಬೆಣ್ಣೆಯ ಮೇಲೆ ಜಾರಿದಂತೆ ಒಂದು ಭಂಗಿಯಿಂದ ಇನ್ನೊಂದಕ್ಕೆ ಸಾಗುತ್ತವೆ; ಅವಕ್ಕೆ ಏನನಿಸುತ್ತಿದೆ ಎಂಬುದನ್ನು ಪಕ್ಕದಲ್ಲಿ ನಿಂತ ಇನ್ನೊಂದು ಪಾತ್ರ ಬಾಯಿಬಿಟ್ಟು ಹೇಳಬೇಕಾಗುತ್ತದೆ.