ಎರಡು ತಂಡಗಳು, ಒಂದು ಗಿಟಾರು

ಪಾಕಿಸ್ತಾನದ ರಾಕ್ ಸಂಗೀತದ ಮಾತು ಬಂದರೆ ಕೇಳುಗರು ಎರಡು ಪಾಳಯವಾಗುತ್ತಾರೆ. ಒಂದು ‘ವೈಟಲ್ ಸೈನ್ಸ್’ನವರ ಪಾಳಯ, ಇನ್ನೊಂದು ‘ಜುನೂನ್’ನವರದು. ಎರಡೂ ತಂಡಗಳಲ್ಲಿ ಗಿಟಾರು ಹಿಡಿದವನು ಸಲ್ಮಾನ್ ಅಹಮದ್. ಆದ್ದರಿಂದ ಇದು ಒಂದೇ ಮನೆಯ ಅಣ್ಣತಮ್ಮಂದಿರ ವ್ಯಾಜ್ಯವೂ ಹೌದು. ಉರ್ದು ಬಲ್ಲ ನಮ್ಮಂಥವರಿಗೆ ಈ ವ್ಯಾಜ್ಯ ಹೊರಗಿನದು ಎನಿಸುವುದಿಲ್ಲ. ಗಡಿಗೆ ಬೇಲಿಯಿದೆ, ಭಾಷೆಗೆ ಇಲ್ಲ. ಕನ್ನಡದ ಓದುಗರಿಗೂ ಇದರಲ್ಲಿ ಒಂದು ಪ್ರಶ್ನೆಯಿದೆ. ಹಾಡುವವನು ತನ್ನ ನಾಡಿಗೆ ಏನು ಹೇಳಬೇಕು? ‘ನೀನು ಚೆಂದ’ ಎಂದೋ, ‘ಲೆಕ್ಕ ಕೊಡು’ ಎಂದೋ?

ಮೊದಲು ವೈಟಲ್ ಸೈನ್ಸ್. ರಾವಲ್ಪಿಂಡಿಯಲ್ಲಿ 1986ರಲ್ಲಿ ರೊಹೇಲ್ ಹಯಾತ್, ಶಹಜಾದ್ ಹಸನ್ ಮೊದಲಾದ ಹುಡುಗರು ಕಟ್ಟಿದ ತಂಡವಿದು. ಹಾಡಲು ಬಂದವನು ಜುನೈದ್ ಜಮ್‌ಶೇದ್, ಎಂಜಿನಿಯರಿಂಗ್ ವಿದ್ಯಾರ್ಥಿ. ಅದು ಜನರಲ್ ಜಿಯಾವುಲ್ ಹಕ್ ಕಾಲ. ಟಿವಿ ಎಂದರೆ ಸರ್ಕಾರದ ಟಿವಿ. ವಾರ್ತೆ ಓದುವ ಹೆಣ್ಣುಮಕ್ಕಳ ತಲೆಯ ಮೇಲಿನ ದುಪಟ್ಟಾಕ್ಕೂ ಆಜ್ಞೆಯಿದ್ದ ದಿನಗಳು. 1987ರ ಆಗಸ್ಟ್ 14ರಂದು ಅದೇ ಟಿವಿಯಲ್ಲಿ ಜೀನ್ಸ್ ತೊಟ್ಟ ನಾಲ್ವರು ಹುಡುಗರು ಗಿಟಾರು ಹಿಡಿದು ‘ದಿಲ್ ದಿಲ್ ಪಾಕಿಸ್ತಾನ್’ ಎಂದು ಹಾಡಿದರು. ನಿರ್ದೇಶಕ ಶೊಯೆಬ್ ಮನ್ಸೂರ್ ಜಾಣ. ದೇಶಭಕ್ತಿಯ ಬುರುಖಾ ಹೊದಿಸಿ ಪಾಪ್ ಸಂಗೀತವನ್ನು ಸರ್ಕಾರದ ಮುಂಬಾಗಿಲಿನಿಂದಲೇ ಒಳಗೆ ಕರೆದುಕೊಂಡು ಬಂದ. ಮುಂದಿನ ವರ್ಷ ಜಿಯಾ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಬೆನಜೀರ್ ಭುಟ್ಟೊ ಪ್ರಧಾನಿಯಾದರು. ಹಾಡು ಉಳಿಯಿತು. ಬಿಬಿಸಿ ವರ್ಲ್ಡ್ ಸರ್ವಿಸ್ 2002ರಲ್ಲಿ ಕೇಳುಗರಿಂದ ಮತ ಪಡೆದು ಜಗತ್ತಿನ ಹತ್ತು ಜನಪ್ರಿಯ ಹಾಡುಗಳ ಪಟ್ಟಿ ಮಾಡಿದಾಗ ಎರಡನೆಯ ಸ್ಥಾನದಲ್ಲಿ ‘ವಂದೇ ಮಾತರಂ’, ಮೂರನೆಯದರಲ್ಲಿ ‘ದಿಲ್ ದಿಲ್ ಪಾಕಿಸ್ತಾನ್’ ಇದ್ದವು. ಕ್ರಿಕೆಟ್ಟಿನಂತೆ ಹಾಡಿನಲ್ಲೂ ನಾವು ಅಕ್ಕಪಕ್ಕದಲ್ಲೇ ಕೂತೆವು!

ಆದರೆ ವೈಟಲ್ ಸೈನ್ಸನ್ನು ಈ ಒಂದು ಹಾಡಿನಿಂದ ಅಳೆಯುವುದು ಅನ್ಯಾಯ. 1989ರಿಂದ 1995ರವರೆಗೆ ಬಂದ ನಾಲ್ಕು ಆಲ್ಬಂಗಳಲ್ಲಿ ಅವರು ಮಾಡಿದ ನಿಜವಾದ ಕೆಲಸ ಬೇರೆ. ಗಜಲಿನ ಶಮಾ, ಪರವಾನಾ, ಸಾಕಿ, ಮೈಖಾನಾಗಳನ್ನೆಲ್ಲ ಪಕ್ಕಕ್ಕಿಟ್ಟು, ಕಾಲೇಜು ಹುಡುಗನೊಬ್ಬ ಗೆಳೆಯನ ಹತ್ತಿರ ಆಡುವ ಉರ್ದುವಿನಲ್ಲಿ ಪ್ರೀತಿ, ಬೇಸರ, ಒಂಟಿತನಗಳನ್ನು ಹಾಡಿದರು. ಉರ್ದು ಶಾಲೆಯಲ್ಲಿ ಗಾಲಿಬನನ್ನು ಬಾಯಿಪಾಠ ಮಾಡಿದವರಿಗೆ ಈ ಸರಳತೆ ಮೊದಲು ಪೇಲವ ಎನಿಸುತ್ತದೆ. ನಾಲ್ಕು ಸಲ ಕೇಳಿದ ಮೇಲೆ ಅದರ ಕಷ್ಟ ತಿಳಿಯುತ್ತದೆ. 1993ರ ‘ಐತಬಾರ್’ ನನ್ನ ಲೆಕ್ಕದಲ್ಲಿ ಅವರ ಉತ್ತಮ ಆಲ್ಬಂ. ಜುನೈದರ ದನಿ ಅಲ್ಲಿ ಏರುವುದೇ ಇಲ್ಲ. ನಂಬಿಕೆ ಕಳೆದುಕೊಂಡವನು ಕಿರುಚುವುದಿಲ್ಲ ಎಂಬುದು ಆ ಗಾಯಕನಿಗೆ ಗೊತ್ತಿತ್ತು.

ಅವರ ಮಿತಿಯೂ ಅಲ್ಲೇ ಇದೆ. ಮೊದಲ ಆಲ್ಬಮ್ಮಿನಲ್ಲಿ ‘ಗೋರೆ ರಂಗ್ ಕಾ ಜಮಾನಾ’ ಎಂದು ಬಿಳಿ ತೊಗಲನ್ನು ಕೊಂಡಾಡಿದರು. ಎರಡನೆಯದರಲ್ಲಿ ‘ಸಾಂವಲಿ ಸಲೋನಿ’ ಎಂದು ಕಪ್ಪು ಚೆಲುವೆಯನ್ನು ಹೊಗಳಿದರು. ಎರಡೂ ಒಳ್ಳೆಯ ರಾಗಗಳು. ಆದರೆ ಹೆಣ್ಣಿನ ಬಣ್ಣ ನೋಡಿ ಸಂಬಂಧ ಕುದುರಿಸುವ ಸಮಾಜದಲ್ಲಿ, ಆ ಬಣ್ಣದ ಲೆಕ್ಕದಿಂದ ಮದುವೆಯಾಗದೆ ಉಳಿದ ಹುಡುಗಿಯರು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ಇರುವಾಗ, ಮೊದಲನೆಯ ಹಾಡು ಹೇಗೆ ಕೇಳಿಸುತ್ತದೆ ಎಂದು ಆ ಹುಡುಗರು ಯೋಚಿಸಿರಲಿಲ್ಲ. ಎಲ್ಲರನ್ನೂ ಖುಷಿಪಡಿಸುವ ತಂಡಕ್ಕೆ ಯಾರನ್ನು ನೋಯಿಸುತ್ತಿದ್ದೇವೆ ಎಂಬುದು ತಿಳಿಯುವುದಿಲ್ಲ.

ಈಗ ಜುನೂನ್. ಸಲ್ಮಾನ್ ಅಹಮದ್ ವೈದ್ಯಕೀಯ ಓದಿದವನು. ವೈಟಲ್ ಸೈನ್ಸಿನ ಮೊದಲ ಆಲ್ಬಮ್ಮಿಗೆ ಗಿಟಾರು ನುಡಿಸಿ, 1990ರಲ್ಲಿ ಹೊರಬಂದು ಜುನೂನ್ ಕಟ್ಟಿದ. ಹಾಡಲು ಲಾಹೋರಿನ ಅಲಿ ಅಜ್ಮತ್ ಬಂದ. ಬೇಸ್ ಗಿಟಾರಿಗೆ ನ್ಯೂಯಾರ್ಕಿನ ಕಡೆಯ ಶಾಲಾ ಗೆಳೆಯ ಬ್ರಯಾನ್ ಓಕಾನೆಲ್ ಬಂದ. ಅಮೆರಿಕದ ಕ್ರೈಸ್ತ ಹೆಸರಿನ ಹುಡುಗನೊಬ್ಬ ಪಂಜಾಬಿ ಸೂಫಿ ಪದಗಳಿಗೆ ತಾಳ ಹಿಡಿಯುವ ಈ ಚಿತ್ರವೇ ಒಂದು ಕಥೆಗೆ ಸಾಕು. ಕವಿ ಸಾಬಿರ್ ಜಫರ್ ಅವರಿಗೆ ಹಾಡು ಬರೆದರು. ಮೊದಮೊದಲು ಇದು ಪಾಶ್ಚಾತ್ಯ ರಾಕ್‌ನ ಉರ್ದು ನಕಲಿನಂತೆಯೇ ಇತ್ತು. ತಬಲಾ ಬಂದು ಗಿಟಾರಿನ ಪಕ್ಕ ಕೂತ ಮೇಲೆ ಬಣ್ಣ ಬದಲಾಯಿತು.

1996ರಲ್ಲಿ ಅವರು ‘ಎಹ್ತೆಸಾಬ್’ ಎಂಬ ಹಾಡು ತಂದರು. ಎಹ್ತೆಸಾಬ್ ಎಂದರೆ ಅಧಿಕಾರದಲ್ಲಿದ್ದವರಿಂದ ಲೆಕ್ಕ ಕೇಳುವುದು. ಉತ್ತರ ಕರ್ನಾಟಕದವರ ಬಾಯಲ್ಲಿರುವ ‘ಹಿಶೇಬು’ ಇದರದೇ ರಕ್ತಸಂಬಂಧಿ. ಹಾಡಿನ ಚಿತ್ರಿಕೆಯಲ್ಲಿ ಒಂದು ಪೋಲೊ ಕುದುರೆ ದೊಡ್ಡ ಹೋಟೆಲಿನಲ್ಲಿ ಊಟ ಮಾಡುತ್ತದೆ. ಪ್ರಧಾನಿಯ ಗಂಡನ ಕುದುರೆಗಳ ಕಥೆ ಊರೆಲ್ಲ ಆಡಿಕೊಳ್ಳುತ್ತಿದ್ದ ಸಮಯ. ಸರ್ಕಾರಿ ಟಿವಿ ಅದನ್ನು ನಿಷೇಧಿಸಿತು. 1997ರ ‘ಆಜಾದಿ’ ಆಲ್ಬಮ್ಮಿನ ‘ಸಯ್ಯೋನಿ’ ಭಾರತದ ಮನೆಮನೆಯನ್ನು ತಲುಪಿತು. 1998ರ ಮೇ ತಿಂಗಳಲ್ಲಿ ಪೋಖರಣ್ ಮತ್ತು ಚಾಗೈಗಳಲ್ಲಿ ಬಾಂಬು ಸಿಡಿದಾಗ ಎರಡೂ ದೇಶಗಳಲ್ಲಿ ಮಿಠಾಯಿ ಹಂಚಲಾಯಿತು. ಆ ವರ್ಷ ಭಾರತದಲ್ಲಿ ಹಾಡುತ್ತಾ ತಿರುಗುತ್ತಿದ್ದ ಜುನೂನ್, ಬಾಂಬು ಬೇಡ ಎಂದಿತು. ಊರಿಗೆ ಮರಳಿದಾಗ ನವಾಜ್ ಷರೀಫ್ ಸರ್ಕಾರ ಅವರನ್ನು ಸರ್ಕಾರಿ ರೇಡಿಯೊ, ಟಿವಿಗಳಿಂದ ಹೊರಗಿಟ್ಟಿತು. ಬೆನಜೀರರ ಕಾಲದಲ್ಲೂ ಅವರ ಹಾಡಿಗೆ ನಿಷೇಧ, ಅವರ ಎದುರಾಳಿಯ ಕಾಲದಲ್ಲೂ ನಿಷೇಧ. ಒಬ್ಬ ಕಲಾವಿದನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ?

ಹಾಗೆಂದು ಅವರನ್ನು ಹುತಾತ್ಮರ ಸಾಲಿಗೆ ಸೇರಿಸಬೇಕಿಲ್ಲ. ವೈಟಲ್ ಸೈನ್ಸಿನ ಬೆನ್ನಿಗೆ ಪೆಪ್ಸಿ ಇದ್ದರೆ, 1996ರ ವಿಶ್ವಕಪ್ಪಿನ ಹೊತ್ತಿಗೆ ಬಂದ ಜುನೂನ್ ಹಾಡು ಕೋಕಾಕೋಲಾದ್ದು. ಎರಡೂ ಬಾಟಲಿಯ ಒಳಗಿನ ನೀರು ಒಂದೇ. ಕಲೆಯ ದೃಷ್ಟಿಯಿಂದಲೂ ತಕರಾರುಗಳಿವೆ. ‘ಖುದಿ’ ಎಂಬ ಹಾಡಿನಲ್ಲಿ ಇಕ್ಬಾಲರ ಪ್ರಸಿದ್ಧ ಶೇರ್ ಒಂದನ್ನು ತೆಗೆದುಕೊಂಡು ಮೈದಾನದ ಘೋಷಣೆಯಂತೆ ಕೂಗಿದ್ದಾರೆ. ಇಕ್ಬಾಲರ ಖುದಿ, ಮನುಷ್ಯ ತನ್ನೊಳಗೆ ಇಳಿದು ಕಷ್ಟಪಟ್ಟು ಗಳಿಸುವ ಎಚ್ಚರ. ಡ್ರಮ್ಮಿನ ಅಬ್ಬರದಲ್ಲಿ ಅದು ಎದೆ ತಟ್ಟಿಕೊಳ್ಳುವ ಹುಮ್ಮಸ್ಸಾಗಿಬಿಟ್ಟಿದೆ. ಅಲಿ ಅಜ್ಮತರ ಗಂಟಲು ಬಿರುಸಾದದ್ದು. ಆ ಬಿರುಸು ಎಲ್ಲ ಕಡೆಯೂ ಒಪ್ಪುವುದಿಲ್ಲ.

ಆದರೂ 1999ರ ‘ಪರ್ವಾಜ್’ ಆಲ್ಬಮ್ಮಿಗೆ ಬಂದಾಗ ನನ್ನ ತಕ್ಕಡಿ ಜುನೂನ್ ಕಡೆಗೆ ವಾಲುತ್ತದೆ. ನಿಷೇಧದ ಮರುವರ್ಷ ಬಂದ ಈ ಆಲ್ಬಮ್ಮಿನಲ್ಲಿ ಸಿಟ್ಟು ಇರಬೇಕಿತ್ತು. ಬದಲಿಗೆ ದನಿ ತಗ್ಗಿದೆ. ಹದಿನೆಂಟನೆಯ ಶತಮಾನದ ಕಸೂರಿನ ಸಂತ ಬುಲ್ಲೇ ಶಾಹರ ಪದಗಳೇ ಇದರ ಮುಖ್ಯ ಆಧಾರ. ‘ಬುಲ್ಲೆಯಾ’ ಹಾಡಿನಲ್ಲಿ ಸಂತ ತಾನು ಯಾರೆಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಮಸೀದಿಯವನೂ ಅಲ್ಲ, ಗುಡಿಯವನೂ ಅಲ್ಲ, ಯಾವ ಚೌಕಟ್ಟಿಗೂ ಸಿಗದವನು. ಸರ್ಕಾರ ‘ನೀವು ದೇಶದ್ರೋಹಿಗಳೋ ಅಲ್ಲವೋ ಹೇಳಿ’ ಎಂದು ಕೇಳುತ್ತಿದ್ದ ಹೊತ್ತಿನಲ್ಲಿ, ‘ನಾನು ಯಾರೆಂದು ನನಗೇ ತಿಳಿಯದು’ ಎಂದು ಹಾಡುವುದಕ್ಕಿಂತ ದೊಡ್ಡ ಉತ್ತರವಿಲ್ಲ. ಅಲಿ ಅಜ್ಮತರ ಬಿರುಸು ಗಂಟಲು ಇಲ್ಲಿ ಮಾತ್ರ ತನ್ನ ಜಾಗ ಕಂಡುಕೊಂಡಿದೆ. ತನ್ನ ಗುರುತಿನ ಬಗ್ಗೆ ಅನುಮಾನಪಡುವವನ ದನಿ ನುಣುಪಾಗಿರಲು ಸಾಧ್ಯವಿಲ್ಲ.

ಕನ್ನಡಿಗರಿಗೆ ಬುಲ್ಲೇ ಶಾಹರನ್ನು ಪರಿಚಯಿಸುವುದು ಸುಲಭ. ಸಯ್ಯದರ ಮನೆಯಲ್ಲಿ ಹುಟ್ಟಿದ ಅವರು, ತೋಟಗಾರಿಕೆ ಮಾಡುವ ಅರಾಯಿಂ ಜಾತಿಯ ಶಾಹ್ ಇನಾಯತರನ್ನು ಗುರುವಾಗಿ ಒಪ್ಪಿಕೊಂಡರು. ಮನೆಯವರು ಮುನಿದರೂ ಗುರುವನ್ನು ಬಿಡಲಿಲ್ಲ ಎಂದು ಜನ ಹೇಳುತ್ತಾರೆ. ನಮ್ಮ ಶಿಶುನಾಳ ಷರೀಫರು ಕಳಸದ ಗೋವಿಂದಭಟ್ಟರ ಕೈ ಹಿಡಿದ ಕಥೆ ನೆನಪಾಗುವುದಿಲ್ಲವೆ? ಷರೀಫರ ಪದಗಳನ್ನು ಸಿ. ಅಶ್ವತ್ಥ್ ಊರೂರಿಗೆ ಒಯ್ದರು, ಮುಂದೆ ರಘು ದೀಕ್ಷಿತ್ ಗಿಟಾರಿಗೆ ಹೊಂದಿಸಿ ಹಾಡಿದರು. ಅಲ್ಲಿ ಜುನೂನ್ ಮಾಡಿದ್ದೂ ಅಂಥದೇ ಕೆಲಸ. ಇದಕ್ಕೊಂದು ಅಡ್ಡಪರಿಣಾಮವೂ ಆಗಿದೆ. ಜುನೂನ್ ನಂತರ ‘ಸೂಫಿ’ ಎಂಬುದು ಸಿನಿಮಾದವರಿಗೆ ಒಗ್ಗರಣೆ ಸೊಪ್ಪಾಯಿತು. ಬುಲ್ಲೆಯಾ ಎಂಬ ಹೆಸರು ಕೇಳಿದರೆ ಈಗ ಸಂತನಿಗಿಂತ ಮೊದಲು ನಾಯಕ ನಾಯಕಿ ನೆನಪಾಗುತ್ತಾರೆ. ಆ ಪಾಪದಲ್ಲಿ ಜುನೂನಿಗೂ ಪಾಲಿದೆ.

ಈ ಹೋಲಿಕೆಯಲ್ಲಿ ನಮ್ಮ ಓದುಗರನ್ನು ಕಾಡುವ ಪ್ರಶ್ನೆ ಇನ್ನೊಂದಿದೆ. ಜುನೈದ್ ಜಮ್‌ಶೇದ್ ಸಂಗೀತವನ್ನು ಬಿಟ್ಟು ತಬ್ಲೀಗ್ ಕೆಲಸಕ್ಕೆ ಹೋದರು, ನಾತ್ ಹಾಡಿದರು. 2014ರಲ್ಲಿ ಅವರ ಮೇಲೆಯೇ ಧರ್ಮನಿಂದೆಯ ಆರೋಪ ಬಂತು. ಕ್ಷಮೆ ಕೇಳಿದರೂ ಕೆಲಕಾಲ ದೇಶ ಬಿಟ್ಟಿರಬೇಕಾಯಿತು. 2016ರ ಡಿಸೆಂಬರ್ 7ರಂದು ಚಿತ್ರಾಲಿನಿಂದ ಮರಳುವಾಗ ವಿಮಾನ ಬಿದ್ದು ತೀರಿಕೊಂಡರು. ‘ದಿಲ್ ದಿಲ್’ ಎಂದು ಹಾಡಿದವರು ಕೊನೆಗೆ ‘ಮೇರಾ ದಿಲ್ ಬದಲ್ ದೇ’ ಎಂದು ದೇವರನ್ನು ಬೇಡಿದರು. ಅದು ಅವರ ಮತ್ತು ಅಲ್ಲಾಹನ ನಡುವಿನ ಮಾತು. ಅದಕ್ಕೆ ಅಂಕ ಹಾಕಲು ನಾವು ಯಾರು? ಅತ್ತ ಸಲ್ಮಾನ್ ಅಹಮದ್, ಸಂಗೀತ ನಿಷೇಧಿಸಿದವರ ನಡುವೆಯೇ ಪೇಶಾವರಕ್ಕೆ ಹೋಗಿ, ನಮಾಜು ಮತ್ತು ಗಿಟಾರು ಎರಡೂ ನನ್ನವೇ ಎಂದು ವಾದಿಸಿದರು. ಆ ಪ್ರಯಾಣ 2003ರಲ್ಲಿ ಸಾಕ್ಷ್ಯಚಿತ್ರವಾಗಿ ಬಂತು. ಶೊಯೆಬ್ ಮನ್ಸೂರರ 2007ರ ‘ಖುದಾ ಕೇ ಲಿಯೇ’ ಚಿತ್ರದಲ್ಲೂ ಇದೇ ಚರ್ಚೆಯಿದೆ. ಅಲ್ಲಿ ಇಬ್ಬರು ಗಾಯಕ ಸಹೋದರರಲ್ಲಿ ಒಬ್ಬ ಹಾಡು ಬಿಡುತ್ತಾನೆ. ನೋಡುವಾಗ ಜುನೈದರ ನೆನಪು ಬಾರದೆ ಇರದು.

ನನ್ನ ಆಯ್ಕೆ ಜುನೂನ್. ಗುನುಗಲು ಬೇಕಾದರೆ ನಾನೂ ವೈಟಲ್ ಸೈನ್ಸನ್ನೇ ಗುನುಗುತ್ತೇನೆ. ರಾಗದ ಸಿಹಿಯಲ್ಲಿ, ದನಿಯ ಹದದಲ್ಲಿ ಅವರೇ ಮುಂದು. ಆದರೆ ವೈಟಲ್ ಸೈನ್ಸ್ ತನ್ನ ಕೇಳುಗನಿಗೆ ಅವನು ಕೇಳಬಯಸಿದ್ದನ್ನೇ ಚೆಂದವಾಗಿ ಕೊಟ್ಟಿತು. ಜುನೂನ್ ಮೊದಲು ಆಳುವವರಿಂದ ಲೆಕ್ಕ ಕೇಳಿತು, ಆಮೇಲೆ ‘ನೀನು ಯಾರು’ ಎಂದು ತನ್ನನ್ನೇ ಕೇಳಿಕೊಂಡಿತು. ಮೊದಲನೆಯದನ್ನು ಧೈರ್ಯವಿರುವ ಯಾರಾದರೂ ಮಾಡಬಹುದು. ಎರಡನೆಯದಕ್ಕೆ ಕಲೆ ಬೇಕು. ‘ದಿಲ್ ದಿಲ್’ ಕೇಳುವಾಗ ಗಡಿಯ ಈಚೆಗಿರುವ ನಾನು ಮೆಚ್ಚುವ ನೆರೆಯವನು ಮಾತ್ರ. ‘ಬುಲ್ಲೆಯಾ’ ಕೇಳುವಾಗ ಆ ಪ್ರಶ್ನೆ ನನ್ನನ್ನೇ ಕೇಳಿದಂತಾಗುತ್ತದೆ. ನಮ್ಮ ಊರಿನಲ್ಲೂ ‘ನೀನು ಯಾರ ಕಡೆಯವನು’ ಎಂದು ಕೇಳುವವರು ಹೆಚ್ಚುತ್ತಿರುವಾಗ, ಅಂಥದೊಂದು ಹಾಡು ಹತ್ತಿರವಿರುವುದು ಒಳ್ಳೆಯದು.